ಯಾರ ಗ್ಲಾಸು, ಯಾರ ಬಿಲ್ಲು

ಕಳೆದ ವರ್ಷದ ಒಂದು ಶುಕ್ರವಾರ ಸಂಜೆ. ಎರಡು ತಿಂಗಳಿಂದ ನಮ್ಮ ಜೀವ ಹಿಂಡುತ್ತಿದ್ದ ರಿಲೀಸು ಅಂತೂ ಪ್ರೊಡಕ್ಷನ್‌ಗೆ ಹೋಗಿತ್ತು. ಮ್ಯಾನೇಜರ್ ಖುಷಿಯಲ್ಲಿ ಟೀಮ್ ಡಿನ್ನರ್ ಅಂತ ಘೋಷಿಸಿದ. ಇಂದಿರಾನಗರದ ಒಂದು ಪಬ್ಬು. ಬಿಯರು ಅಲ್ಲೇ ತಯಾರಾಗುತ್ತೆ, ಗಾಜಿನ ಗೋಡೆಯಾಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು ನಿಂತಿರುತ್ತವೆ. ಊಟ 'ಏಷ್ಯನ್ ಫ್ಯೂಷನ್'. ಅಂದರೆ ಜಪಾನು, ಕೊರಿಯಾ, ಥಾಯ್ಲೆಂಡು, ಇಂಡೋನೇಷ್ಯಾ ಎಲ್ಲಾ ಒಂದೇ ತಟ್ಟೆಗೆ ಬಂದು ಕೂತು, ಮೇಲೆ ನಮ್ಮ ಕೊತ್ತಂಬರಿ ಉದುರಿಸಿಕೊಂಡಿರುತ್ತವೆ.

ಸರ್ವ್ ಮಾಡುವ ಹುಡುಗ ಯಾವ ತಿಂಡಿಗೆ ಯಾವ ಬಿಯರು ಅಂತ ಪಾಠ ಹೇಳಿದ. ಖಾರದ ಜೊತೆ ಕಹಿ ಜಾಸ್ತಿ ಇರುವ ಐಪಿಎ ತಗೋಬೇಡಿ, ಖಾರ ಇನ್ನೂ ಏರುತ್ತೆ. ಗೋಧಿ ಬಿಯರು ತಗೊಳ್ಳಿ, ಅದರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತಲ್ಲ, ಅದು ಹಾಕಿದ್ದಲ್ಲ, ಯೀಸ್ಟೇ ಹುಟ್ಟಿಸೋದು. ಕರಿದ ತಿಂಡಿಗೆ ಅಕ್ಕಿ ಬೆರೆಸಿದ ತಿಳಿ ಬಿಯರು, ನಾಲಿಗೆಯ ಜಿಡ್ಡು ತೊಳೆದು ಹೋಗುತ್ತೆ. ಬೆಂಗಳೂರಿಗೆ ಅಕ್ಕಿ ಬಿಯರು ಹೊಸದೇನಲ್ಲ. 2010ರಲ್ಲಿ ಶುರುವಾದ ಇದೇ ಇಂದಿರಾನಗರದ ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಹೆಸರು ಕೇಳದ ಐಟಿಯವರು ಕಡಿಮೆ. ಆದರೆ ಅವತ್ತು ಮೊದಲ ಸಲ ನಾನು ಅದು ಹೇಗೆ ಆಗುತ್ತೆ ಅಂತ ಕೇಳಿದೆ. ಅಕ್ಕಿಯನ್ನು ಮೊದಲು ಅನ್ನದ ಹಾಗೆ ಬೇಯಿಸಬೇಕಂತೆ. ಆಮೇಲೆ ಮೊಳಕೆ ಬರಿಸಿದ ಬಾರ್ಲಿ ಜೊತೆ ಸೇರಿಸಬೇಕು. ಬಾರ್ಲಿಯಲ್ಲಿರುವ ಕಿಣ್ವಗಳು ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಆ ಸಕ್ಕರೆ ತಿಂದು ಯೀಸ್ಟು ಮದ್ಯ ಮಾಡುತ್ತೆ.

ಅನ್ನ ಅಂದ ಕೂಡಲೇ ನನಗೆ ಗಂಗಾವತಿ ನೆನಪಾಯಿತು. ನಮ್ಮದು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಕೊಪ್ಪಳ ಜಿಲ್ಲೆಯ ಲೆಕ್ಕಾಚಾರ ಸರಳ: ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಅದಕ್ಕೇ ಅದು ಭತ್ತದ ಕಣಜ. ಯಲಬುರ್ಗಾ, ಕುಷ್ಟಗಿಯವರಿಗೆ ಇರೋದು ಆಕಾಶ. ಜೋಳ, ಸಜ್ಜೆ, ಕಡಲೆ, ಶೇಂಗಾ. ಮಳೆ ಕೈಕೊಟ್ಟ ವರ್ಷ ಅವ್ವ ಮತ್ತು ಓಣಿಯ ಹೆಂಗಸರು ಟೆಂಪೋ ಹತ್ತಿ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದರು. ವಾರಗಟ್ಟಲೆ ಕೆಸರಲ್ಲಿ ನಿಂತು ಕಾಲಿನ ಬೆರಳ ಸಂದಿ ಬಿಳುಚಿ ಹುಣ್ಣಾಗಿ ಬರುತ್ತಿದ್ದರು. ಈಗ ನನ್ನ ಕೈಯಲ್ಲಿ ಅಕ್ಕಿಯ ಗ್ಲಾಸು. ಮುಂದೆ ಸಾಟೆ. ಅದರ ಸಾಸಿಗೆ ಬೆರಳದ್ದಿ ನೆಕ್ಕಿದರೆ ಅದು ನಮ್ಮ ಶೇಂಗಾ ಚಟ್ನಿ! ತೆಂಗಿನ ಹಾಲು, ಸ್ವಲ್ಪ ಬೆಲ್ಲ ಬಿದ್ದಿದೆ ಅಷ್ಟೇ. ಬಾವೊ ಅಂತ ಬಂದದ್ದು ಕಡುಬಿನ ದೂರದ ಸಂಬಂಧಿ. ನಮ್ಮೂರು ಇಷ್ಟೆಲ್ಲಾ ದೇಶ ಸುತ್ತಿ, ಹೆಸರು ಬದಲಿಸಿಕೊಂಡು, ಎಸಿಯಲ್ಲಿ ಬಂದು ಕೂತಿದೆ ಅಂತ ನಗು ಬಂತು.

ಆಗಲೇ ಅವ್ವನ ಫೋನು.

ಮೆಟ್ಟಿಲ ಹತ್ತಿರ ಹೋಗಿ ಎತ್ತಿದೆ. "ಎಲ್ಲಿದ್ದಿ? ಏನದು ಗದ್ಲ?" ಅಂದಳು.

"ಆಫೀಸಿನವರೆಲ್ಲಾ ಊಟಕ್ಕ ಬಂದೀವಿ ಅವ್ವ."

ಸುಳ್ಳಲ್ಲ. ಆದರೆ ಅರ್ಧ ಕತ್ತರಿಸಿದ ನಿಜ. ಊರು ಬಿಟ್ಟವರೆಲ್ಲಾ ಈ ಕತ್ತರಿ ಜೇಬಲ್ಲೇ ಇಟ್ಟುಕೊಂಡಿರುತ್ತೇವೆ.

"ನಿಮ್ಮ ಚಿಗವ್ವ ಬಂದಾಳ ನೋಡು, ಮಾತಾಡ್ತಾಳಂತ" ಅಂತ ಫೋನು ಕೊಟ್ಟಳು.

ಚಿಗವ್ವ ನೇರ ವಿಷಯಕ್ಕೆ ಬಂದಳು. "ಯಪ್ಪಾ, ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕೂಡೀವಿ. ಕಿರಾಣಿ ಅಂಗಡ್ಯಾಗ ಕುಡಿಯೂದು ಮಾರಾಕತ್ತಾರ, ಅದನ್ನ ಬಂದ್ ಮಾಡಸ್ರಿ ಅಂತ ಅರ್ಜಿ ಕೊಡಬೇಕು. ನೀ ಓದಿದಾಂವ. ಚಂದಂಗ ಬರದು ಕಳಸು."

"ಹೂಂ ಚಿಗವ್ವ, ಬರೀತೀನಿ" ಅಂದೆ. ಫೋನು ಇಟ್ಟ ಮೇಲೆ ನೋಡಿಕೊಂಡರೆ ಎಡಗೈಯಲ್ಲಿ ಗ್ಲಾಸು ಹಾಗೇ ಇತ್ತು.

ಈ ಚಿಗವ್ವ ಯಾರು ಅಂತ ಹೇಳದೆ ಮುಂದೆ ಹೋದರೆ ನಿಮಗೆ ನನ್ನ ತಾಪತ್ರಯ ಅರ್ಥವಾಗಲ್ಲ. ಅಪ್ಪನ ತಮ್ಮ, ನನ್ನ ಕಾಕಾ, ಗೌಂಡಿ ಕೆಲಸ ಮಾಡುತ್ತಿದ್ದ. ಒಳ್ಳೆಯ ಕೈ. ಅವನು ಕಟ್ಟಿದ ಗೋಡೆಗೆ ದಾರ ಹಿಡಿದರೆ ಕೂದಲೆಳೆ ವ್ಯತ್ಯಾಸ ಬರುತ್ತಿರಲಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೇರು ತೋರಿಸಿದವನು ಅವನೇ. ಸಂಜೆಯಾದರೆ ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ. ಹಲ್ಲಲ್ಲಿ ಮೂಲೆ ಕಚ್ಚಿ ಉಗುಳಿ, ಒಂದೇ ಗುಟುಕಿಗೆ ಬಾಯಿಗೆ ಹಿಂಡಿಕೊಳ್ಳುತ್ತಿದ್ದ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ನಾನು ಬಾಗಲಕೋಟೆಯಲ್ಲಿ ಬಿ.ಇ. ಸೇರಿದ ವರ್ಷ. ಓಣಿಯ ಹೆಂಗಸರು ಹಬ್ಬ ಬಂದಂತೆ ಕುಣಿದರು. ಹಬ್ಬ ಒಂದು ತಿಂಗಳೂ ಉಳಿಯಲಿಲ್ಲ. ಕಾಕಾ ಸಾರಾಯಿ ಬಿಟ್ಟು ವಿಸ್ಕಿಯ ಕ್ವಾಟ್ರಿಗೆ ಬಂದ. ಅಮಲು ಅಷ್ಟೇ, ಖರ್ಚು ಮಾತ್ರ ಹೆಚ್ಚು. "ಈಗ ನಿಮ್ಮ ಕಾಕಾ ಸಾವ್ಕಾರಂಗ ಕುಡಿತಾನ" ಅಂತ ಚಿಗವ್ವ ನಕ್ಕಿದ್ದಳು. ಆ ನಗು ನನಗೆ ಈಗಲೂ ಕೇಳಿಸುತ್ತೆ. 2013ರಲ್ಲಿ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಕಾಕಾ ಹೋದ. ನನ್ನ ಮೊದಲ ವರ್ಷದ ಹಾಸ್ಟೆಲ್ ಫೀಸು ಕೊಟ್ಟಿದ್ದು ಅವನೇ. ಆ ರೊಕ್ಕ ಬಂದದ್ದು ಚಿಗವ್ವನ ಕಿವಿಯ ಬೆಂಡೋಲೆ ಅಡವಿಟ್ಟು ಅಂತ ತಿಳಿದದ್ದು ಅವನ ಮಣ್ಣಿನ ದಿನ.

ಆ ಚಿಗವ್ವ ಈಗ ಅರ್ಜಿ ಕೇಳುತ್ತಿದ್ದಾಳೆ. ಕುಡಿತದ ವಿರುದ್ಧದ ಅರ್ಜಿ. ಬರೆಯಬೇಕಾದವನು ಕುಡಿಯುವವನು. ನಾನು ಬರೆಯಬಹುದಾ?

ಟೇಬಲ್ಲಿಗೆ ವಾಪಸ್ ಬಂದು ಪಕ್ಕದ ಗೆಳೆಯನಿಗೆ ಹೇಳಿದೆ. ಅವನು ಹುಟ್ಟಾ ಬೆಂಗಳೂರಿನವನು, ಮನಸ್ಸು ಒಳ್ಳೆಯದು. "ಅದಕ್ಕೂ ಇದಕ್ಕೂ ಏನು ಸಂಬಂಧ ಮಗಾ? ಅವರು ಅಮಲಿಗೆ ಕುಡೀತಾರೆ, ನಾವು ರುಚಿಗೆ ಕುಡೀತೀವಿ. ಲಿಮಿಟ್ಟಲ್ಲಿ ಕುಡೀತೀವಿ. ನಮ್ಮ ದುಡ್ಡಲ್ಲಿ ಕುಡೀತೀವಿ" ಅಂದ. ಮೂರು ವಾಕ್ಯದಲ್ಲಿ ನಮ್ಮಂಥವರ ಇಡೀ ನೀತಿಶಾಸ್ತ್ರ ಬಂದುಹೋಯಿತು. ಕ್ಯಾಬಿನಲ್ಲಿ ಮನೆಗೆ ಬರುವಾಗ ಮೂರನ್ನೂ ಒಂದೊಂದಾಗಿ ಬಿಚ್ಚಿ ನೋಡಿದೆ. ಕೋಡ್ ರಿವ್ಯೂ ಮಾಡುವ ಚಟ, ಸುಮ್ಮನೆ ಬಿಡಲ್ಲ.

ಮೊದಲನೆಯದು ರುಚಿ. ರುಚಿಗೇ ಆಗಿದ್ದರೆ ಆಲ್ಕೋಹಾಲ್ ಇಲ್ಲದ ಬಿಯರನ್ನು ನಮ್ಮ ಟೇಬಲ್ಲಿನ ಹನ್ನೊಂದು ಜನರಲ್ಲಿ ಒಬ್ಬನಾದರೂ ತರಿಸಬೇಕಿತ್ತಲ್ಲ? ಯಾರೂ ತರಿಸಲಿಲ್ಲ. ನಮಗೆ ರುಚಿಯೂ ಬೇಕು, ಆ ತಲೆ ಹಗುರಾಗುವುದೂ ಬೇಕು. ಇನ್ನು ಕಾಕಾನಿಗೆ ರುಚಿ ಗೊತ್ತಿರಲಿಲ್ಲ ಅಂತ ಯಾರು ಹೇಳಿದ್ದು? ಕುಡಿಯುವ ಮೊದಲು ಅವನು ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡೇ ಬರುತ್ತಿದ್ದ. ಮಿರ್ಚಿ ಬಿಸಿ ಇಲ್ಲದಿದ್ದರೆ ಅಂಗಡಿಯವನ ಜೊತೆ ಜಗಳ. ಹುರಿದ ಶೇಂಗಾಕ್ಕೆ ಎಷ್ಟು ಉಪ್ಪು ಅನ್ನುವುದರಲ್ಲಿ ಅವನಿಗೆ ಖಚಿತ ಅಭಿಪ್ರಾಯವಿತ್ತು. ಅದಕ್ಕೆ ಪೇರಿಂಗ್ ಅಂತ ಹೆಸರಿದೆ ಅನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಎರಡನೆಯದು ಲಿಮಿಟ್ಟು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಕ್ಕೆ ಸುರಕ್ಷಿತ ಅನ್ನುವಂಥ ಕುಡಿತದ ಪ್ರಮಾಣವೇ ಇಲ್ಲ ಅಂತ ಹೇಳಿತು. ಅದು ಹೋಗಲಿ. ಅವತ್ತು ನಮ್ಮ ಟೀಮಿನ ಒಬ್ಬ ಲಿಮಿಟ್ಟು ದಾಟಿ ಪಾರ್ಕಿಂಗ್‌ನಲ್ಲಿ ವಾಂತಿ ಮಾಡಿಕೊಂಡ. ಇಬ್ಬರು ಹಿಡಿದು ಕ್ಯಾಬಿಗೆ ಹತ್ತಿಸಿದರು. ಸೋಮವಾರ ಅದು ಗ್ರೂಪಿನಲ್ಲಿ ಜೋಕಾಯಿತು. ಜೋಕಿನ ಅಡಿಯಲ್ಲಿ ಅವನೇ ಹೋಗಿ ನಗುವ ಇಮೋಜಿ ಹಾಕಿದ. ಅದೇ ಕೆಲಸ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಮಾಡಿದವನಿಗೆ 'ಕುಡುಕ' ಅಂತ ಹೆಸರು ಬೀಳುತ್ತೆ. ಆ ಹೆಸರು ಅವನ ಮಗಳಿಗೆ ಗಂಡು ನೋಡುವ ಹೊತ್ತಿಗೂ ಬರುತ್ತೆ. ನಮ್ಮ ಭಾಷೆಯನ್ನೇ ನೋಡಿ. ಅವನು 'ಕುಡೀತಾನೆ'. ನಾವು 'ಡ್ರಿಂಕ್ಸ್ ತಗೋತೀವಿ', ಪ್ರಸಾದದ ಹಾಗೆ.

ಮೂರನೆಯದು, ನಮ್ಮ ದುಡ್ಡು. ಇದು ಗಟ್ಟಿ ವಾದ. ಜಾನ್ ಸ್ಟೂಅರ್ಟ್ ಮಿಲ್ 1859ರಲ್ಲಿ ಬರೆದ 'ಆನ್ ಲಿಬರ್ಟಿ'ಯಲ್ಲಿ ಈ ವಾದದ ಬೇರು ಇದೆ. ಒಬ್ಬ ಮನುಷ್ಯ ತನಗೆ ತಾನೇ ಮಾಡಿಕೊಳ್ಳುವ ಕೇಡನ್ನು ತಡೆಯಲು ಸಮಾಜಕ್ಕೆ ಅಧಿಕಾರವಿಲ್ಲ, ಇನ್ನೊಬ್ಬರಿಗೆ ಕೇಡಾದರೆ ಮಾತ್ರ ಕೈ ಹಾಕಬಹುದು. ಅಮೆರಿಕದ ಮೇಯ್ನ್ ರಾಜ್ಯದ ಪಾನನಿಷೇಧ ಕಾನೂನನ್ನು ಆತ ಖಂಡಿಸಿದ್ದ. ಇಷ್ಟನ್ನು ನಾವು ಪಬ್ಬಿನಲ್ಲಿ ಧಾರಾಳವಾಗಿ ಹೇಳುತ್ತೇವೆ. ಮಿಲ್ ಮುಂದೆ ಇನ್ನೊಂದು ಮಾತೂ ಸೇರಿಸಿದ್ದಾನೆ, ಅದನ್ನು ಹೇಳುವುದಿಲ್ಲ. ಕುಡಿದು ಕುಡಿದು ಸಾಲ ತೀರಿಸಲಾಗದ, ಮನೆಯವರನ್ನು ಸಾಕಲಾಗದ ಸ್ಥಿತಿಗೆ ಬಂದವನನ್ನು ದೂಷಿಸುವುದು ಸರಿ. ಆದರೆ ದೂಷಿಸಬೇಕಾದದ್ದು ಅವನ ದುಂದುಗಾರಿಕೆಯನ್ನಲ್ಲ, ಮನೆಯವರಿಗೆ ಮಾಡಿದ ಕರ್ತವ್ಯಲೋಪವನ್ನು.

ಹಾಗಾದರೆ ಪ್ರಶ್ನೆ ಕುಡಿತದ್ದಲ್ಲ, ಅದರ ಪೆಟ್ಟು ಯಾರ ಮೇಲೆ ಬೀಳುತ್ತೆ ಅನ್ನುವುದರದ್ದು. ಇಲ್ಲಿಗೆ ಬಂದಾಗ ನನಗೆ ಸಮಾಧಾನ ಆಗಬೇಕಿತ್ತು. ಕಾಕಾನ ಕುಡಿತದ ಪೆಟ್ಟು ಚಿಗವ್ವನ ಮೇಲೆ ಬಿತ್ತು, ನನ್ನದು ಯಾರ ಮೇಲೂ ಬೀಳಲ್ಲ, ಮುಗೀತಲ್ಲ. ಆದರೆ ಯಾಕೆ ಬೀಳಲ್ಲ? ನಾನು ಕಾಕಾನಿಗಿಂತ ಒಳ್ಳೆಯವನು ಅಂತಾನಾ?

ನಮ್ಮ ಕೆಲಸದಲ್ಲಿ ಫಾಲ್ಟ್ ಟಾಲರೆನ್ಸ್ ಅಂತ ಒಂದು ಮಾತಿದೆ. ಒಂದು ಸರ್ವರ್ ಬಿದ್ದರೂ ಇನ್ನೊಂದು ಎತ್ತಿಕೊಳ್ಳುತ್ತೆ, ಬಳಸುವವರಿಗೆ ಗೊತ್ತೇ ಆಗಲ್ಲ. ಹಾಗಂತ ಬಗ್ ಇಲ್ಲ ಅಂತಲ್ಲ. ಬ್ಯಾಕಪ್ ಇದೆ ಅಷ್ಟೇ. ನಾನು ಮೂರು ಗ್ಲಾಸು ಕುಡಿದ ರಾತ್ರಿ ನನಗೆಷ್ಟು ಬ್ಯಾಕಪ್ ಇದೆ ಅಂತ ಎಣಿಸಿದೆ. ಮನೆಗೆ ಬಿಡಲು ಕ್ಯಾಬು. ಮರುದಿನ ಶನಿವಾರ, ರಜೆ. ಶನಿವಾರ ಅಲ್ಲದಿದ್ದರೆ ಸಿಕ್ ಲೀವು. ಲಿವರ್ ಕೆಟ್ಟರೆ ಕಂಪನಿಯ ವಿಮೆ. ಹೆಂಡತಿಗೆ ಅವಳದೇ ಸಂಬಳ, ಆದ್ದರಿಂದ ಮಗಳ ಶಾಲೆ ಫೀಸು ನನ್ನ ಗ್ಲಾಸಿನ ಮೇಲೆ ನಿಂತಿಲ್ಲ. ಮಲಗಲು ಬೇರೆ ಕೋಣೆ, ಅದಕ್ಕೊಂದು ಬಾಗಿಲು. ಕಾಕಾನಿಗೆ ಇದ್ದದ್ದು ದಿನಗೂಲಿ. ಒಂದು ದಿನ ತಪ್ಪಿದರೆ ಒಂದು ದಿನದ ರೊಟ್ಟಿ ತಪ್ಪುತ್ತೆ. ಮನೆ ಒಂದೇ ಅಂಕಣ, ಅವನು ಬಿದ್ದರೆ ಮಕ್ಕಳ ಪಕ್ಕದಲ್ಲೇ ಬೀಳಬೇಕು. ಬಗ್ ಇಬ್ಬರಲ್ಲೂ ಇತ್ತು. ಅವನಿಗೆ ಇದ್ದ ಒಂದೇ ಬ್ಯಾಕಪ್ ಸರ್ವರ್ ಚಿಗವ್ವ.

'ಜವಾಬ್ದಾರಿಯಿಂದ ಕುಡೀತೀನಿ' ಅಂತ ನಾವು ಎದೆ ಮುಟ್ಟಿ ಹೇಳುತ್ತೇವಲ್ಲ, ಆ ಜವಾಬ್ದಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ನಮ್ಮ ಗುಣವಲ್ಲ, ನಮ್ಮ ಅಡಿಯಲ್ಲಿ ಹಾಸಿರುವ ಗಾದಿಯ ದಪ್ಪ. ಇದು ಒಪ್ಪಿಕೊಳ್ಳಲು ಕಷ್ಟ. ನನಗೂ ಕಷ್ಟವಾಯಿತು.

ಆದರೆ ಇದರಿಂದ ಇನ್ನೊಂದು ಗುಂಡಿಗೆ ಬೀಳಬಹುದು. ಗಾದಿ ಇದ್ದವರು ಕುಡಿಯಲಿ, ಇಲ್ಲದವರು ಕುಡಿಯಬಾರದು ಅಂತಾನಾ? ಸರ್ಕಾರಗಳು ಹೆಚ್ಚುಕಮ್ಮಿ ಇದೇ ತತ್ವ ನಡೆಸುತ್ತವೆ, ಬೆಲೆಯ ಮೂಲಕ. ಮಿಲ್ ಇದನ್ನೂ ಹಿಡಿದಿದ್ದ: ಕುಡಿತ ಕಡಿಮೆಯಾಗಲಿ ಅಂತ ಬೆಲೆ ಏರಿಸಿದರೆ ಆ ಬೆಲೆ ಕೊಡಲಾಗದವನಿಗೆ ಮಾತ್ರ ಅದು ನಿಷೇಧ. ಕೊಡಬಲ್ಲವನಿಗೆ ಅದು ಬರೀ ದಂಡ. ನಮ್ಮಲ್ಲಿ ಇನ್ನೂ ವಿಚಿತ್ರ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಅಂತ ಸರ್ಕಾರಕ್ಕೆ ಹೇಳುತ್ತೆ. 2025-26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ತಾ ಅಂತ ಹೇಳುತ್ತೆ. 2024ರಲ್ಲಿ ದುಬಾರಿ ಮದ್ಯದ ಬೆಲೆ ಇಳಿಸಿದರು, ಪಕ್ಕದ ರಾಜ್ಯಗಳಿಗೆ ಸರಿಸಮ ಇರಲಿ ಅಂತ. ಪಬ್ಬಿನಲ್ಲಿ ನಾವು ಅದಕ್ಕೆ ಚಿಯರ್ಸ್ ಹೇಳಿದ್ದು ನನಗೆ ನೆನಪಿದೆ. ಆ ಹೊತ್ತಿಗೆ ನಮ್ಮೂರ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬಿಯ ಹಿಂದೆ 90 ಎಂಎಲ್ ಟೆಟ್ರಾ ಪಾಕೀಟು ಕೂತಿತ್ತು. ಹಳೇ ಪಾಕೀಟು, ಹೊಸ ಅಂಗಿ. ಮೇಲಿನ ಬೆಲೆಗಿಂತ ಇಪ್ಪತ್ತು ರೂಪಾಯಿ ಜಾಸ್ತಿ.

ಹಾಗಾದರೆ ಪೂರ್ತಿ ನಿಷೇಧವೇ ದಾರಿಯಾ? ಪಕ್ಕದ ಆಂಧ್ರದ ಕತೆ ನೋಡಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯಲ್ಲಿ ಅಕ್ಷರ ಕಲಿಯಲು ಕೂತ ಹೆಂಗಸರು ಸಾರಾಯಿ ವಿರುದ್ಧ ಎದ್ದರು. ಪುಸ್ತಕದಲ್ಲಿದ್ದ ಪಾಠವೇ ಕಿಡಿ. ಚಳವಳಿ ರಾಜ್ಯವೆಲ್ಲಾ ಹಬ್ಬಿ 1993ರಲ್ಲಿ ಸಾರಾಯಿ ಹೋಯಿತು, 1995ರಲ್ಲಿ ಪೂರ್ತಿ ಪಾನನಿಷೇಧವೇ ಬಂತು. 1997ರಲ್ಲಿ ಅದು ವಾಪಸ್ಸೂ ಆಯಿತು. ನಮ್ಮ 2007ರ ಕತೆ ನಿಮಗೆ ಆಗಲೇ ಹೇಳಿದೆ, ಕಾಕಾ ಸಾವ್ಕಾರನಾದ. 2019ರ ಜನವರಿಯಲ್ಲಿ ನಮ್ಮ ರಾಯಚೂರು, ಕೊಪ್ಪಳ ಕಡೆಯ ಹೆಂಗಸರೂ ಸೇರಿ ಸಾವಿರಾರು ಜನ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು, ಮದ್ಯ ನಿಷೇಧಿಸಿ ಅಂತ. ಜನವರಿ 30ಕ್ಕೆ ನಗರ ಮುಟ್ಟಿದರು. ಆಗ ನಾನು ಇದೇ ನಗರದಲ್ಲಿದ್ದೆ. ನನಗೆ ಅದು ಗೊತ್ತಾದದ್ದು ಟ್ರಾಫಿಕ್ ಸುದ್ದಿಯಾಗಿ. ಯಾವ ರಸ್ತೆ ತಪ್ಪಿಸಬೇಕು ಅಂತ ನೋಡಿಕೊಂಡು ಆಫೀಸಿಗೆ ಹೋದೆ. ಆ ಗುಂಪಿನಲ್ಲಿ ನಮ್ಮ ಓಣಿಯವರು ಇದ್ದರಾ ಅಂತ ಕೇಳುವ ಬುದ್ಧಿಯೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೂತೆ. 'ಮಾನ್ಯರೇ, ಮದ್ಯಪಾನವು ಒಂದು ಸಾಮಾಜಿಕ ಪಿಡುಗಾಗಿದ್ದು...' ಅಂತ ಶುರುಮಾಡಿದೆ. ಹೈಸ್ಕೂಲಿನ ಪ್ರಬಂಧದ ಹಾಗೆ ಸರಾಗವಾಗಿ ಬಂತು. ಹತ್ತು ಸಾಲು ಬರೆದು ಓದಿದೆ. ಬಾಯಿಯಲ್ಲಿ ಹಿಂದಿನ ರಾತ್ರಿಯ ಹುಳಿ ಇನ್ನೂ ಇತ್ತು. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಹನ್ನೊಂದು ಗಂಟೆಗೆ ಚಿಗವ್ವನಿಗೆ ಫೋನು ಮಾಡಿದೆ.

"ಚಿಗವ್ವ, ಒಂದು ಮಾತು ಹೇಳಬೇಕು. ನಾನೂ ಕುಡಿತೀನಿ. ನಿನ್ನೆ ನೀ ಫೋನ್ ಮಾಡಿದಾಗೂ ಕುಡ್ಯಾಕತ್ತಿದ್ದೆ. ಈ ಅರ್ಜಿ ನಾ ಹೆಂಗ ಬರೀಲಿ?"

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಕೋಳಿ ಕೂಗಿದ್ದು ಕೇಳಿತು.

"ಗೊತ್ತೈತಿ ಬಿಡು" ಅಂದಳು. "ನಿಮ್ಮವ್ವಗೂ ಗೊತ್ತೈತಿ. ಹೋದ ಸಲ ಜಾತ್ರಿಗೆ ಬಂದಾಗ ನಿನ್ನ ಪ್ಯಾಂಟ್ ಒಗ್ಯಾಕ ತಗದ್ಲು. ಕಿಸೇದಾಗ ಬಿಲ್ಲಿನ ಚೀಟಿ ಇತ್ತು. ನಮ್ಮ ಹುಡುಗಿ ಓದಿ ಹೇಳಿದ್ಲು. ಮೂರು ಸಾವಿರ ಚಿಲ್ಲರಿ. ಎರಡು ಚೀಲ ಅಕ್ಕಿ ರೊಕ್ಕ ಆತಲ್ಲ ಅಂದ್ಲು ನಿಮ್ಮವ್ವ. ಅಷ್ಟ. ಮತ್ತೇನೂ ಅನ್ನಲಿಲ್ಲ."

ನಾನು ಏನು ಹೇಳಲಿ? ನನ್ನ ಕತ್ತರಿ ಎಷ್ಟು ಮೊಂಡಾಗಿತ್ತು ಅಂತ ಆಗ ಗೊತ್ತಾಯಿತು.

"ಅದಕ್ಕ ಇಷ್ಟು ಯಾಕ ವಿಚಾರ ಮಾಡ್ತಿ?" ಅಂತ ಅವಳೇ ಮುಂದುವರಿಸಿದಳು. "ಕುಡಿಬಾರದು ಅಂತ ಬರಿಬ್ಯಾಡ. ಅದು ನಮ್ಮ ಕೈಯಾಗಿಲ್ಲ, ಇದ್ದಿದ್ರ ನಿಮ್ಮ ಕಾಕಾನ್ನ ಉಳಿಸಿಕೋತಿದ್ದೆ. ಮನಿ ಮುಂದ ಮಾರಬಾರದು ಅಂತ ಬರಿ. ಕುಡಿಯಾಂವ ಬಸ್ ಹತ್ತಿ ಯಲಬುರ್ಗಾಕ್ಕ ಹೋಗ್ಲಿ, ಕುಕನೂರಿಗೆ ಹೋಗ್ಲಿ. ಹೋಗೂದ್ರಾಗ ಒಂದೀಟು ಮನಸು ತಿರಗಿದ್ರೂ ತಿರಗೀತು. ನಸುಕಿನ್ಯಾಗ ಚಾ ಕುಡಿಯೂ ಹೊತ್ತಿಗೆ ಪಾಕೀಟು ಕೈಗೆ ಸಿಕ್ರ ಯಾವ ಗಂಡಸು ಕೆಲಸಕ್ಕ ಹೋಗ್ತಾನ ಹೇಳು. ಉದ್ರಿ ಬ್ಯಾರೆ ಕೊಡ್ತಾರ. ಆಮ್ಯಾಲೆ ನಮ್ಮ ಮನಿಗೆ ಬಂದು ನಮ್ಮನ್ನ ಕೇಳ್ತಾರ. ಕುಡಿದಾಂವ ಒಬ್ಬ, ಕೊಡಾಕಿ ಒಬ್ಬಾಕಿ."

ಮಿಲ್ ಓದಿ, ವಿಶ್ವ ಆರೋಗ್ಯ ಸಂಸ್ಥೆ ಓದಿ, ರಾತ್ರಿಯಿಡೀ ನಾನು ಬಿಡಿಸಲಾಗದ ಗಂಟನ್ನು ಅವಳು ಬಿಡಿಸಿದ್ದಳು. ಕುಡಿಯುವುದು ಪಾಪವಾ ಅಲ್ಲವಾ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಅವಳಿಗೆ ಆ ಪ್ರಶ್ನೆಯೇ ಇರಲಿಲ್ಲ. ಅವಳ ಪ್ರಶ್ನೆ: ಬಿಲ್ಲು ನನ್ನ ಕೈಗೆ ಬರುತ್ತಲ್ಲ, ಅಂಗಡಿ ಇಡುವ ಮೊದಲು ನನ್ನನ್ನು ಯಾರಾದರೂ ಕೇಳಿದರಾ?

ಆಮೇಲೆ ಹುಡುಕಿದಾಗ ಗೊತ್ತಾಯಿತು, ಮಹಾರಾಷ್ಟ್ರದಲ್ಲಿ ಈ ಪ್ರಶ್ನೆಯನ್ನು ಕಾನೂನೇ ಕೇಳುತ್ತೆ. ಒಂದು ಊರಿನ ಮದ್ಯದಂಗಡಿ ಬೇಕೋ ಬೇಡವೋ ಅಂತ ಹೆಂಗಸರೇ ಗುಪ್ತ ಮತದಾನ ಮಾಡಬಹುದು. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟ್ಲಿ, ಅಡ್ಡ ಬಿದ್ದ ಬಾಟ್ಲಿ. ಅರ್ಧಕ್ಕಿಂತ ಹೆಚ್ಚು ಮತದಾರ ಹೆಂಗಸರು ಅಡ್ಡ ಬಾಟ್ಲಿಗೆ ಒತ್ತಿದರೆ ಅಂಗಡಿ ಬಂದ್. ಗಂಡಸರ ನೈತಿಕತೆಯ ಬಗ್ಗೆ ಅಲ್ಲಿ ಉಪದೇಶ ಇಲ್ಲ. ಬಿಲ್ಲು ಕಟ್ಟುವವರನ್ನು ಕೇಳುತ್ತಾರೆ, ಅಷ್ಟೇ.

ಅದಕ್ಕೇ ಕುಡಿಯುವವನು ಈ ಅರ್ಜಿ ಬರೆದರೆ ಅದು ಆಷಾಢಭೂತಿತನ ಅಲ್ಲ ಅಂತ ನನಗೆ ಅನ್ನಿಸಿದ್ದು. ನಾನು ಕುಡಿಯದವನ ವೇಷ ಹಾಕಿ 'ಸಾಮಾಜಿಕ ಪಿಡುಗು' ಅಂತ ಬರೆದಿದ್ದರೆ ಅದು ಆಷಾಢಭೂತಿತನ. ನನ್ನ ಕೈ ಚೊಕ್ಕವಿಲ್ಲ ಅಂತ ಬರೆಯದೆ ಕೂತಿದ್ದರೆ ಅದು ಇನ್ನೂ ಕೆಟ್ಟದ್ದು. ನನ್ನ ಪ್ರಾಮಾಣಿಕತೆ ಕಾಪಾಡಿಕೊಳ್ಳುವ ನೆಪದಲ್ಲಿ ಚಿಗವ್ವನಿಂದ ಇನ್ನೊಂದು ಬೆಂಡೋಲೆ ಕಿತ್ತುಕೊಂಡ ಹಾಗೆ.

ಫೋನು ಇಡುವ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. "ನೀ ಕುಡಿಯೂದು ನಾ ಏನ್ ಹೇಳ್ಲಿ? ನಿನ್ನ ಹೇಣ್ತಿನ್ನ ಕೇಳು."

ಕೇಳಿದೆ. ಧೈರ್ಯ ಬರಲು ಸಂಜೆಯಾಯಿತು. ಮಗಳು ಪಾರ್ಕಿನಲ್ಲಿ ಜಾರುಬಂಡೆ ಆಡುತ್ತಿದ್ದಳು. "ನನ್ನ ಶುಕ್ರವಾರಗಳಿಂದ ನಿಂಗೇನಾದ್ರೂ ತೊಂದ್ರೆ ಇದ್ಯಾ?" ಅಂದೆ. ಇಲ್ಲ ಅನ್ನುತ್ತಾಳೆ ಅಂತ ನನಗೆ ಮುಕ್ಕಾಲು ಖಾತ್ರಿ ಇತ್ತು.

"ಇದನ್ನ ಕೇಳೋಕೆ ನಾಲ್ಕು ವರ್ಷ ಬೇಕಾಯ್ತಾ?" ಅಂದಳು. ಸಿಟ್ಟಿನಿಂದಲ್ಲ. ಆಮೇಲೆ ಎಣಿಸಿದಳು. ಶುಕ್ರವಾರ ಮಗಳನ್ನು ಮಲಗಿಸುವುದು ಯಾವಾಗಲೂ ಅವಳೇ. ಅಪ್ಪ ಎಲ್ಲಿ ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದೂ ಅವಳೇ. ನಾನು ಕ್ಯಾಬ್ ಹತ್ತಿದೆ ಅಂತ ಮೆಸೇಜ್ ಹಾಕಿದ ಮೇಲೆ ಮ್ಯಾಪಿನಲ್ಲಿ ಆ ಚುಕ್ಕೆ ಅಪಾರ್ಟ್‌ಮೆಂಟ್ ಗೇಟಿಗೆ ಬರುವವರೆಗೂ ಅವಳಿಗೆ ನಿದ್ದೆ ಇಲ್ಲ. ಶನಿವಾರ ಬೆಳಿಗ್ಗೆ ಹತ್ತರವರೆಗೆ ಮನೆಯಲ್ಲಿ ಮಿಕ್ಸಿ ಹಾಕುವ ಹಾಗಿಲ್ಲ, ನನ್ನ ತಲೆನೋವಿಗೆ. "ದೊಡ್ಡ ವಿಷಯ ಏನಲ್ಲ. ಹೇಳೋಕೆ ಹೋದ್ರೆ ಚಿಕ್ಕದು ಅನ್ಸುತ್ತೆ. ಅದಕ್ಕೇ ಹೇಳಿಲ್ಲ" ಅಂದಳು.

ನನ್ನ ಬ್ಯಾಕಪ್ ಪಟ್ಟಿಯಲ್ಲಿ ಕ್ಯಾಬು ಇತ್ತು, ವಿಮೆ ಇತ್ತು, ಬಾಗಿಲಿರುವ ಕೋಣೆ ಇತ್ತು. ಅವಳ ಸಂಬಳವೂ ಇತ್ತು. ಅವಳ ಎಚ್ಚರದ ರಾತ್ರಿ ಇರಲಿಲ್ಲ. ಕಾಕಾನಿಗೂ ನನಗೂ ಇರುವ ವ್ಯತ್ಯಾಸ ದೊಡ್ಡದೇ, ಅದನ್ನು ಇಲ್ಲ ಅಂದರೆ ಚಿಗವ್ವನ ಕಷ್ಟಕ್ಕೆ ಅವಮಾನ. ನನ್ನ ಹೆಂಡತಿಯ ಶುಕ್ರವಾರವನ್ನೂ ಚಿಗವ್ವನ ಹದಿನೈದು ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಆದರೆ ಯಾರೂ ಕಟ್ಟದ ಬಿಲ್ಲು ಅಂತ ಒಂದು ಇರುತ್ತೆ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು.

ಅರ್ಜಿಯನ್ನು ಆ ರಾತ್ರಿಯೇ ಬರೆದೆ. ಒಂದೇ ಪುಟ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಪರಾಧ ಅಂತ ಒಂದು ಸಾಲು. ಎಷ್ಟು ಅಂಗಡಿ, ಯಾವ ಓಣಿ, ಶಾಲೆಯಿಂದ ಎಷ್ಟು ಹೆಜ್ಜೆ, ಬೆಳಿಗ್ಗೆ ಎಷ್ಟು ಗಂಟೆಗೆ ಶುರು, ಹೇಗೆ ಉದ್ರಿ ಕೊಡುತ್ತಾರೆ, ವಸೂಲಿಗೆ ಯಾರ ಹತ್ತಿರ ಬರುತ್ತಾರೆ. ಕುಡಿಯುವವರ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಅವ್ವ ಓದಿಸಿ ಕೇಳಿ, "ಇದ್ರಾಗ ಬೈಗಳಾನ ಇಲ್ಲಲ್ಲೋ" ಅಂದಳು. ಬೇಡ ಅಂದೆ. ಅರವತ್ತೊಂದು ಹೆಂಗಸರು ಸಹಿ ಮಾಡಿದರು, ಇಪ್ಪತ್ತು ಚಿಲ್ಲರೆ ಹೆಬ್ಬೆಟ್ಟು. ಇಬ್ಬರು ಗಂಡಸರೂ ಸಹಿ ಮಾಡಿದರಂತೆ. ಅದರಲ್ಲಿ ಒಬ್ಬ ದಿನಾ ಕುಡಿಯುವವನು. "ಮನಿ ಮುಂದ ಇದ್ರ ನನಗೂ ತಡ್ಯಾಕ ಆಗಂಗಿಲ್ಲ" ಅಂತ ಹೇಳಿ ಒತ್ತಿದನಂತೆ. ನನ್ನ ಹತ್ತು ಪ್ಯಾರಾದ ತತ್ವ ಅವನ ಒಂದು ಸಾಲಿನಲ್ಲಿತ್ತು.

ಏನಾಯಿತು ಅಂತ ಕೇಳುತ್ತೀರಿ. ಒಂದೂವರೆ ತಿಂಗಳು ಅಂಗಡಿಯಲ್ಲಿ ಪಾಕೀಟು ಇರಲಿಲ್ಲ. ಆ ಒಂದೂವರೆ ತಿಂಗಳನ್ನು ಚಿಗವ್ವ ದಿನ ಎಣಿಸಿ ಹೇಳುತ್ತಾಳೆ. ಆಮೇಲೆ ಅಂಗಡಿಯ ಹಿಂದಿನ ಗೋಡೆಗೆ ಒಂದು ಕಿಂಡಿ ಬಂತು.

ನಾನು ಪಬ್ಬಿಗೆ ಹೋಗುವುದು ಬಿಟ್ಟಿದ್ದೇನಾ? ಪೂರ್ತಿ ಇಲ್ಲ. ಪ್ರತಿ ಶುಕ್ರವಾರ ಇದ್ದದ್ದು ತಿಂಗಳಿಗೊಮ್ಮೆ ಆಗಿದೆ, ಹೋಗುವ ಮೊದಲು ಮನೆಯಲ್ಲಿ ಕೇಳುತ್ತೇನೆ. ಹೇಳಿ ಹೋಗುವುದಕ್ಕೂ ಕೇಳಿ ಹೋಗುವುದಕ್ಕೂ ವ್ಯತ್ಯಾಸವಿದೆ. ಎರಡು ಸಲ ಅವಳು ಬೇಡ ಅಂದಿದ್ದಾಳೆ, ಹೋಗಿಲ್ಲ. ಊರಿಗೆ ಫೋನು ಮಾಡುವಾಗ ಎಲ್ಲಿದ್ದೇನೋ ಅಲ್ಲಿದ್ದೇನೆ ಅನ್ನುತ್ತೇನೆ. ಟೇಬಲ್ಲಿನಲ್ಲಿ ಯಾರಾದರೂ 'ಅವರು ಅಮಲಿಗೆ, ನಾವು ರುಚಿಗೆ' ಅಂದರೆ ಕಾಕಾನ ಮಿರ್ಚಿಯ ಕತೆ ಹೇಳುತ್ತೇನೆ. ಅವರು ನಗುತ್ತಾರೆ. ನಗಲಿ.

ಹೋದ ವಾರ ಚಿಗವ್ವನ ಫೋನು ಬಂದಿತ್ತು. ಕಿಂಡಿ ಇನ್ನೂ ಇದೆ, ಎರಡನೇ ಅರ್ಜಿ ಬೇಕು. "ಸಹಿ ಎಂಬತ್ತು ದಾಟ್ಯಾವ. ಈ ಸಲ ಒಂದೀಟು ಬಿರುಸಾಗಿ ಬರಿ" ಅಂದಳು.

ಬರೆಯುತ್ತಿದ್ದೇನೆ.